ಮಣ್ಣೇ ಇಲ್ಲದ ಮಡಕೆ

1/9

ಈ ಸಲದ ಸರಣಿ ಸ್ವಲ್ಪ ಉದ್ದ ಇದೆ, ಮೊದಲೇ ಹೇಳ್ಬಿಡ್ತೀನಿ. ಬಸ್ಸಲ್ಲಿ ಸೀಟು ಸಿಕ್ಕಿದಾಗ ಓದಿ. ಸೇವ್ ಮಾಡಿಟ್ಕೊಂಡು ರಾತ್ರಿ ಓದಿದ್ರೂ ಸರಿ.

ಫೋಟೋದಲ್ಲಿ ಕಾಣ್ತಿದೆಯಲ್ಲ, ಅದು ನಮ್ಮಮ್ಮನ ನೀಲಿ ಬಟ್ಟಲು. ಈಗ ಮೂರು ಚೂರು. ನಾನು ಮೂರನೇ ಕ್ಲಾಸಲ್ಲಿದ್ದಾಗ ಅಮ್ಮ ಯಾವುದೋ ಕರಕುಶಲ ಮೇಳದಲ್ಲಿ ತಗೊಂಡಿದ್ದು. ಬಿಳಿ ಮೈ, ಅದರ ಮೇಲೆ ನೀಲಿ ಹೂ, ನಡುವೆ ಒಂದು ಪುಟ್ಟ ಹಕ್ಕಿ. ಬೀರು ಕನ್ನಡಿ ಮುಂದೆ ಇರ್ತಿತ್ತು. ಸೇಫ್ಟಿ ಪಿನ್ನು, ಹೇರ್‌ಪಿನ್ನು, ಒಂಟಿಯಾದ ಓಲೆ, ಎಲ್ಲಾ ಅದರೊಳಗೇ.

ಈ ವರ್ಷ ಆಯುಧಪೂಜೆಗೆ ಮನೆ ಕ್ಲೀನ್ ಮಾಡೋವಾಗ ನನ್ನ ಮೊಣಕೈ ತಾಗಿ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ನಮ್ಮನೇಲಿ ದೊಣ್ಣೆ ನಾನೇ.

ಅಮ್ಮ ಬೈಯಲಿಲ್ಲ. ಚೂರು ಎತ್ಕೊಂಡು ಒಡೆದ ಅಂಚು ನೋಡಿ, "ಇದು ಮಣ್ಣೇ ಅಲ್ವಲ್ಲೇ" ಅಂದ್ರು. ನಾನೂ ನೋಡಿದೆ. ಹೌದು. ಮಡಕೆ ಒಡೆದ್ರೆ ಒಳಗೆ ಕೆಂಪು ಕಾಣುತ್ತೆ. ಇದರ ಒಳಗೆಲ್ಲಾ ಬಿಳಿ. ಸೀಮೆಸುಣ್ಣ ಮುರಿದ ಹಾಗೆ, ಸ್ವಲ್ಪ ಸಕ್ಕರೆ ಥರ ತರಿ ತರಿ.

ಮಣ್ಣಲ್ಲದೆ ಇದ್ರೆ ಮತ್ತೇನು? ಅಷ್ಟೇ, ಅಲ್ಲಿಂದ ಶುರುವಾಗಿದ್ದು ನನ್ನ ಹುಡುಕಾಟ. ಹುಡುಕ್ತಾ ಹೋದವಳಿಗೆ ಒಬ್ಬ ಮನುಷ್ಯ ಸಿಕ್ಕಿದ್ರು. ಅವರ ಕಥೆ ಹೇಳ್ತೀನಿ. ಕೊನೇಲಿ ನನ್ನದೊಂದು ತಪ್ಪು ಒಪ್ಕೊಳ್ಳೋದಿದೆ. ಅದಕ್ಕೇ ಈ ಸರಣಿ ಬರೀತಿರೋದು.

2/9

ಆ ಬಟ್ಟಲು ಜೈಪುರದ ಬ್ಲೂ ಪಾಟರಿ. ಅದರಲ್ಲಿ ಕುಂಬಾರರ ಜೇಡಿಮಣ್ಣು ಇರೋದೇ ಇಲ್ಲ.

ಹಾಗಾದ್ರೆ ಏನೇನಿರುತ್ತೆ ಅಂತ ಕೇಳಿ. ಬೆಣಚು ಕಲ್ಲಿನ ಪುಡಿ, ಅದೇ ಜಾಸ್ತಿ. ಗಾಜಿನ ಪುಡಿ. ಸ್ವಲ್ಪ ಮುಲ್ತಾನಿ ಮಿಟ್ಟಿ. (ಹೌದು ಹುಡುಗೀರಾ, ನಾವು ಮುಖಕ್ಕೆ ಹಚ್ಕೊಳ್ಳೋದೇ.) ಬಿಳಿಗಾರ. ಗೋಂದು. ನೀರು. ಎಲ್ಲಾ ಕಲಸಿ ನಾದಿ ಹಿಟ್ಟಿನ ಥರ ಮಾಡ್ತಾರೆ.

ಕಲ್ಲು ಗಾಜು ಸೇರಿಸಿ ಕಲಸಿದ ಹಿಟ್ಟಿಗೆ ಜೇಡಿಮಣ್ಣಿನ ಜಿಗುಟು ಎಲ್ಲಿಂದ ಬರಬೇಕು? ತಿಗರಿ ಮೇಲಿಟ್ಟು ತಿರುಗಿಸಿ ಎಳೆದ್ರೆ ಮಣ್ಣು ಮೇಲೇಳುತ್ತಲ್ಲ, ಇದು ಏಳಲ್ಲ. ಅದಕ್ಕೇ ರೊಟ್ಟಿ ಹಾಗೆ ತಟ್ಟಿ, ಅಚ್ಚಿನೊಳಗೆ ಒತ್ತಿ, ಆಕಾರ ಕುಸಿಯದ ಹಾಗೆ ಒಳಗೆ ಬೂದಿ ತುಂಬಿಸ್ತಾರೆ. ಆಮೇಲೆ ಅಚ್ಚು ಬೋರಲು ಹಾಕಿ ಬಿಡಿಸಿ ಒಣಗಿಸೋದು. ಹೂಜಿಯಂಥ ದೊಡ್ಡ ಪಾತ್ರೆ ಆದ್ರೆ ಹೊಟ್ಟೆ ಬೇರೆ, ಕತ್ತು ಬೇರೆ, ಪೀಠ ಬೇರೆ. ಕತ್ತು ಪೀಠಗಳಿಗೆ ಮಾತ್ರ ತಿಗರಿ ಸ್ವಲ್ಪ ಕೆಲಸಕ್ಕೆ ಬರುತ್ತೆ. ಆಮೇಲೆ ಎಲ್ಲಾ ಜೋಡಿಸಿ, ಉಜ್ಜಿ ನುಣುಪು ಮಾಡಬೇಕು.

ಈ ವಿದ್ಯೆ ಹುಟ್ಟಿದ್ದು ಜೈಪುರದಲ್ಲಲ್ಲ. ಪರ್ಷಿಯಾ, ಮಧ್ಯ ಏಷ್ಯಾ ಕಡೆ ಮಸೀದಿ ಗುಮ್ಮಟಗಳ ನೀಲಿ ಹಂಚು ನೋಡಿದ್ದೀರಲ್ಲ, ಅದೇ ಬಳಗದ್ದು. ದೆಹಲಿ ದಾರಿಯಲ್ಲಿ ಬಂದು, 19ನೇ ಶತಮಾನದಲ್ಲಿ ಜೈಪುರದ ರಾಜ ಸವಾಯಿ ರಾಮ್ ಸಿಂಗ್ ಕಾಲಕ್ಕೆ ಅಲ್ಲಿ ಬೇರು ಬಿಡ್ತು. ಆದ್ರೆ 1950ರ ಹೊತ್ತಿಗೆ ಹೆಚ್ಚೂ ಕಡಿಮೆ ಮುಗಿದೇ ಹೋಗಿತ್ತು.

ಕಾರಣ ಒಂದೇ ಅಲ್ಲ. ರಾಜಾಶ್ರಯ ಹೋಯ್ತು. ಕೊಳ್ಳೋರು ಇಲ್ಲ. ಜೊತೆಗೆ, ಯಾವ ಪುಡಿ ಎಷ್ಟು ಹಾಕಬೇಕು, ಗಾಜಿನ ಲೇಪ ಹೇಗೆ ಮಾಡಬೇಕು ಅನ್ನೋ ಪಾಕ ಗೊತ್ತಿದ್ದೋರು ಬೆರಳೆಣಿಕೆ ಜನ. ಅದು ಮನೆತನದ ಗುಟ್ಟು. ಹೊರಗಿನೋರಿಗೆ ಹೇಳೋ ಹಾಗಿಲ್ಲ.

ಈ "ಗುಟ್ಟು" ಅನ್ನೋ ಮಾತು ಸ್ವಲ್ಪ ನೆನಪಲ್ಲಿಟ್ಕೊಳ್ಳಿ. ಮತ್ತೆ ಬರುತ್ತೆ.

3/9

ಈಗ ಆ ಮನುಷ್ಯ. ಹೆಸರು ಕೃಪಾಲ್ ಸಿಂಗ್ ಶೇಖಾವತ್. ಹುಟ್ಟಿದ್ದು 1922ರಲ್ಲಿ, ರಾಜಸ್ಥಾನದ ಸೀಕರ್ ಜಿಲ್ಲೆಯ ಮವೂ ಅನ್ನೋ ಹಳ್ಳಿಯಲ್ಲಿ. ಕುಂಬಾರರ ಮನೆಯವರಲ್ಲ. ಅವರು ಮೊದಲು ಹಿಡಿದಿದ್ದು ಬ್ರಷ್ಷು. ಚಿತ್ರ ಕಲಿಯೋಕೆ ಶಾಂತಿನಿಕೇತನಕ್ಕೆ ಹೋದ್ರು.

ಆಗ ಅಲ್ಲಿನ ಕಲಾಭವನ ಅಂದ್ರೆ ನಂದಲಾಲ್ ಬೋಸ್. ಅವರ ಹತ್ರ ಕಲಿಯೋದು ಅಂದ್ರೆ ಬರೀ ಕ್ಯಾನ್ವಾಸ್ ಮುಂದೆ ಕೂರೋದಲ್ಲ. ಗೋಡೆ ಮೇಲೆ ಚಿತ್ರ, ನೆಲದ ಮೇಲೆ ರಂಗೋಲಿ, ಬಟ್ಟೆ ಮೇಲೆ ಬಾಟಿಕ್, ಹಬ್ಬಕ್ಕೆ ಅಲಂಕಾರ, ಎಲ್ಲಾ ಒಂದೇ ಪಾಠದಲ್ಲಿ ಬರ್ತಿತ್ತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲರು ಪೋಸ್ಟರ್ ಬರೆದಿದ್ದು ಹಳ್ಳಿ ಜನ ನಡ್ಕೊಂಡು ಹೋಗೋವಾಗ ನೋಡಲಿ ಅಂತ. "ಇದು ಕಲೆ, ಅದು ಬರೀ ಕೈಕೆಲಸ" ಅಂತ ಗೆರೆ ಎಳೆಯೋ ಅಭ್ಯಾಸ ಅಲ್ಲಿರಲಿಲ್ಲ.

ಈಗ ನಿಮಗೆಲ್ಲ ಗೊತ್ತಿರೋ ಒಂದು ಪುಸ್ತಕಕ್ಕೆ ಬರ್ತೀನಿ. ನಮ್ಮ ಸಂವಿಧಾನ. ಅದರ ಮೂಲ ಪ್ರತಿ ಪ್ರಿಂಟ್ ಮಾಡಿದ್ದಲ್ಲ, ಕೈಯಲ್ಲಿ ಬರೆದಿದ್ದು. ಇಂಗ್ಲಿಷ್ ಪ್ರತಿಯ ಅಕ್ಷರ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಪುಟಗಳ ಚಿತ್ರ, ಅಂಚಿನ ಅಲಂಕಾರ ಮಾಡಿದ್ದು ನಂದಲಾಲ್ ಬೋಸ್ ಮತ್ತೆ ಅವರ ಶಿಷ್ಯರ ತಂಡ. ಪೀಠಿಕೆಯ ಪುಟ ಬ್ಯೋಹಾರ್ ರಾಮ್‌ಮನೋಹರ್ ಸಿನ್ಹಾ ಅವರದ್ದು. ಆ ತಂಡದಲ್ಲಿ ಕೃಪಾಲ್ ಸಿಂಗ್ ಕೂಡ ಇದ್ರು.

ಆಗ ಅವರಿಗೆ ಸುಮಾರು 27 ವರ್ಷ. ನನಗಿಂತ ಏಳೇ ವರ್ಷ ದೊಡ್ಡವರು. ನಾವು ಬಿಸಿನೆಸ್ ಲಾ ಕ್ಲಾಸಲ್ಲಿ ಆರ್ಟಿಕಲ್ ನಂಬರ್ ಬಾಯಿಪಾಠ ಮಾಡ್ತೀವಲ್ಲ, ಆ ಪುಸ್ತಕದ ಅಂಚಿಗೆ ಬಣ್ಣ ಹಚ್ಚಿದ ಗುಂಪಿನವರು!

ಆಮೇಲೆ ಜಪಾನಿಗೆ ಹೋಗಿ ಟೋಕಿಯೋದಲ್ಲಿ ಪೌರ್ವಾತ್ಯ ಕಲೆ ಓದ್ಕೊಂಡು ಬಂದ್ರು. ಇಷ್ಟು ಓದಿದವರು, ಇಂಥ ಗುರುವಿನ ಶಿಷ್ಯ, ಮುಂದೆ ಏನಾಗ್ಬೇಕಿತ್ತು? ದೆಹಲಿಯಲ್ಲೋ ಬಾಂಬೆಯಲ್ಲೋ ದೊಡ್ಡ ಪೇಂಟರ್, ಚೌಕಟ್ಟು ಹಾಕಿದ ಚಿತ್ರ, ಗ್ಯಾಲರಿ. ನಾನಾಗಿದ್ರೆ ಅದನ್ನೇ ಅಂದ್ಕೋತಿದ್ದೆ.

ಅವರು ಜೈಪುರಕ್ಕೆ ಬಂದು ತಟ್ಟೆ, ಹೂಜಿ, ಹೂದಾನಿ ಹಿಡ್ಕೊಂಡು ಕೂತ್ರು.

4/9

ಇಲ್ಲಿ ನಮ್ಮ ಕಡೆಯವರೊಬ್ರು ಬರ್ತಾರೆ. ಮಂಗಳೂರಿನ ಮಗಳು, ಕಮಲಾದೇವಿ ಚಟ್ಟೋಪಾಧ್ಯಾಯ.

ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಇವರ ಹೆಸರು ಒಂದು ಸಾಲಲ್ಲಿ ಬಂದು ಹೋಗುತ್ತೆ. ಆದ್ರೆ ಅವರು ಮಾಡಿದ್ದು ಒಂದು ಸಾಲಿನ ಕೆಲಸ ಅಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಅಧ್ಯಕ್ಷೆ ಆಗಿದ್ದು ಇವರೇ. ದೇಶದ ಮೂಲೆ ಮೂಲೆ ತಿರುಗಿ, ಎಲ್ಲೆಲ್ಲಿ ಯಾವ ಕೈಕೆಲಸ ಸಾಯ್ತಾ ಇದೆ ಅಂತ ಹುಡುಕಿ ಹುಡುಕಿ ಎತ್ತಿ ನಿಲ್ಸಿದ್ರು. (ಇನ್ನೊಂದು ವಿಷಯ: 1931ರಲ್ಲಿ ಬಂದ "ಮೃಚ್ಛಕಟಿಕ" ಅನ್ನೋ ಮೂಕಿ ಸಿನಿಮಾದಲ್ಲಿ ಇವರು ನಟಿಸಿದ್ರು. ಮೃಚ್ಛಕಟಿಕ ಅಂದ್ರೆ ಮಣ್ಣಿನ ಪುಟ್ಟ ಗಾಡಿ.)

ಜೈಪುರದ ನೀಲಿ ಪಾತ್ರೆಗಳಿಗೆ ಮತ್ತೆ ಜೀವ ಬಂದಿದ್ದು ಇಂಥವರೆಲ್ಲ ಕೈ ಜೋಡಿಸಿದ್ರಿಂದ. ಕಮಲಾದೇವಿ, ಜೈಪುರದ ರಾಜಮಾತೆ ಗಾಯತ್ರಿ ದೇವಿ ಬೆನ್ನಿಗೆ ನಿಂತ್ರು. ಕೆಲಸ ಮಾಡಿ ತೋರಿಸೋಕೆ ಒಬ್ಬರು ಬೇಕಿತ್ತು. ಆ ಒಬ್ಬರು ಕೃಪಾಲ್ ಸಿಂಗ್.

ಯೋಚ್ನೆ ಮಾಡಿ. ಇದಕ್ಕೆ ಕುಂಬಾರಿಕೆ ಗೊತ್ತಿದ್ರಷ್ಟೇ ಸಾಲದು, ಚಿತ್ರ ಬರೆಯೋ ಕೈಯೂ ಬೇಕು. ಬರೀ ಚಿತ್ರಗಾರ ಆದ್ರೂ ಸಾಲದು, ಬೂದಿ, ಗಾಜಿನ ಪುಡಿ, ಬೆಂಕಿ ಇದರ ಜೊತೆ ಒದ್ದಾಡೋ ತಾಳ್ಮೆ ಬೇಕು. ಎರಡೂ ಇರೋರು ಎಷ್ಟು ಜನ ಸಿಕ್ತಾರೆ?

5/9

ಈ ಭಾಗ ನನಗೆ ತುಂಬಾ ಇಷ್ಟ. ಚಿತ್ರ ಬರೆಯೋರು ಯಾರಾದ್ರೂ ಇದ್ರೆ ನಿಧಾನಕ್ಕೆ ಓದಿ.

ಪಾತ್ರೆ ಒಣಗಿ ನುಣುಪಾದ ಮೇಲೆ ಮೈಗೆಲ್ಲ ಒಂದು ಬಿಳಿ ಲೇಪ ಹಚ್ತಾರೆ. ಬೆಣಚು ಪುಡಿ, ಗಾಜಿನ ಪುಡಿ, ಜೊತೆಗೆ ಮೈದಾ ಅಂಟು. ಅದೇ ಚಿತ್ರಕ್ಕೆ ಕಾಗದ. ಅದರ ಮೇಲೆ ಅಳಿಲಿನ ಕೂದಲಿನ ಸಣ್ಣ ಬ್ರಷ್ಷಲ್ಲಿ ಬರೀಬೇಕು. ಒಣಗಿದ ಮೈ ಬಣ್ಣದ ನೀರನ್ನ ಸರ್ರಂತ ಎಳ್ಕೊಂಡ್ಬಿಡುತ್ತೆ. ಗೆರೆ ಎಳೀತಾ ಮಧ್ಯ ನಿಂತ್ರೆ ಅಲ್ಲೊಂದು ಮಚ್ಚೆ. ರಬ್ಬರ್ ಇಲ್ಲ, ಅಂಡೂ ಇಲ್ಲ. ಅದೂ ಸಪಾಟಾದ ಹಾಳೆ ಅಲ್ಲ, ಹೊಟ್ಟೆ ಉಬ್ಬಿದ ಹೂಜಿ. ನವಿಲಿನ ಕತ್ತು ಈ ಕಡೆ ಶುರುವಾದ್ರೆ ಬಾಲ ಆ ಕಡೆ ತಿರುಗಿ ಹೋಗಿರುತ್ತೆ. ಪೂರ್ತಿ ನವಿಲು ಒಂದೇ ಸಲಕ್ಕೆ ಕಣ್ಣಿಗೆ ಬೀಳೋದೇ ಇಲ್ಲ.

ಇನ್ನೂ ಕಷ್ಟದ್ದು ಇದೆ. ನೀಲಿ ಬರೋದು ಕೋಬಾಲ್ಟ್ ಆಕ್ಸೈಡಿಂದ. ಆ ಪಚ್ಚೆ ಮಿಶ್ರಿತ ತಿಳಿನೀಲಿ ಬರೋದು ತಾಮ್ರದ ಆಕ್ಸೈಡಿಂದ. ಬರೆಯೋವಾಗ ಎರಡೂ ಕಪ್ಪು! ಬಟ್ಟಲಲ್ಲಿ ಕಪ್ಪು, ಬ್ರಷ್ಷಲ್ಲಿ ಕಪ್ಪು, ಪಾತ್ರೆ ಮೇಲೂ ಕಪ್ಪು. ಯಾವುದು ಯಾವ ಬಣ್ಣ ಆಗುತ್ತೆ ಅನ್ನೋದು ಬರೆಯೋರ ತಲೆಯಲ್ಲಿ ಮಾತ್ರ ಇರುತ್ತೆ.

ಬರೆದು ಮುಗಿದ ಮೇಲೆ ಆ ಚಿತ್ರದ ಮೇಲೇ ಗಾಜಿನ ಲೇಪ ಹಾಕ್ತಾರೆ. ಹಸಿ ಇದ್ದಾಗ ಅದು ಸುಣ್ಣದ ಥರ ಬಿಳಿ. ದಿನವಿಡೀ ಕೂತು ಬರೆದಿದ್ದು ಕಣ್ಣೆದುರೇ ಮುಚ್ಚಿಹೋಗುತ್ತೆ. ಅದನ್ನ ಹಾಗೇ ತಗೊಂಡೋಗಿ ಆವಿಗೆಗೆ, ಅಂದ್ರೆ ಕುಂಬಾರರ ಭಟ್ಟಿಗೆ, ಇಟ್ಟು ಬರಬೇಕು. ಸುಮಾರು 800 ರಿಂದ 850 ಡಿಗ್ರಿ ಬೆಂಕಿ. ಆರೋದಕ್ಕೇ ಎರಡು ಮೂರು ದಿನ ಬಿಡಬೇಕು. ಅವಸರ ಮಾಡಿ ಬಾಗಿಲು ತೆಗೆದ್ರೆ ತಣ್ಣನೆ ಗಾಳಿ ಹೊಡೆದು ಬಿರುಕು.

ಅಲ್ಲೀವರೆಗೆ ನೀಲಿ ಅನ್ನೋದನ್ನ ಯಾರೂ ನೋಡಿರಲ್ಲ.

ನಾನು ಒಂದು ಚಿತ್ರ ಬರೆದು ಪೋಸ್ಟ್ ಹಾಕಿ ಹತ್ತು ನಿಮಿಷಕ್ಕೆ ಮೂರು ಸಲ ಲೈಕ್ ನೋಡ್ತೀನಿ. ಇವರು ಹೀಗೆ ಕಪ್ಪಲ್ಲಿ ಬರೆದು, ಬಿಳಿಯಲ್ಲಿ ಮುಚ್ಚಿ, ಬೆಂಕಿಗೆ ಕೊಟ್ಟು, ದಿನಗಟ್ಟಲೆ ಕಾದು, ಹಾಗೇ ಎಷ್ಟೋ ದಶಕ ಕಳೆದ್ರು.

ಕೃಪಾಲ್ ಸಿಂಗ್ ಕೈಯಲ್ಲಿ ಆ ಪಾತ್ರೆಗಳ ಮೇಲೆ ಬಂದಿದ್ದು ಬರೀ ಹೂಬಳ್ಳಿ ಅಲ್ಲ. ಅಜಂತಾದ ಗೆರೆ, ರಾಜಸ್ಥಾನಿ ಮತ್ತೆ ಮೊಘಲ್ ಕಿರುಚಿತ್ರಗಳ ಆನೆ, ಕುದುರೆ, ಹಕ್ಕಿ, ದೇವರು, ಎಲ್ಲಾ ಬಂತು. ನೀಲಿ ಜೊತೆಗೆ ಹಳದಿ, ಕಂದು, ಹಸಿರು ಸೇರಿಸಿದ್ರು. ಕಾಗದದ ಮೇಲೆ, ಗೋಡೆ ಮೇಲೆ ಚಿತ್ರ ಬರೆಯೋದನ್ನೂ ಬಿಡಲಿಲ್ಲ. ಶಾಂತಿನಿಕೇತನದಲ್ಲಿ ಕಲಿತಿದ್ದನ್ನ ಒಂದು ತಟ್ಟೆಯ ಮೇಲೆ ಬರೆದ್ರೆ ಅದು ಚಿಕ್ಕದಾಗಿಬಿಡುತ್ತೆ ಅಂತ ಅವರಿಗೆ ಅನ್ನಿಸಲೇ ಇಲ್ಲ.

6/9

ಬಿಕಾಂ ಮಂದಿ, ಈ ಸ್ಲೈಡು ನಿಮಗೆ.

ಪ್ರೋಸೆಸ್ ಕಾಸ್ಟಿಂಗ್ ಲೆಕ್ಕ ನೆನಪಿದೆಯಾ? ನಾರ್ಮಲ್ ಲಾಸ್ ಇಷ್ಟು ಪರ್ಸೆಂಟ್, ಅಬ್ನಾರ್ಮಲ್ ಲಾಸ್ ಇಷ್ಟು, ಸ್ಕ್ರ್ಯಾಪ್ ವ್ಯಾಲ್ಯೂ ಇಷ್ಟು. ನಾವು ಪೆನ್ನು ತಗೊಂಡು ಟಕಟಕ ಮಾಡ್ತೀವಿ. ಈ ಪಾತ್ರೆಗೆ ಆ ಲೆಕ್ಕ ಹಾಕಿ ನೋಡಿ.

ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮಾಡೋ ಮಣ್ಣಿನ ಪಾತ್ರೆಯನ್ನ ಎರಡು ಸಲ ಸುಡ್ತಾರೆ. ಮೊದಲು ಬರೀ ಪಾತ್ರೆ, ಆಮೇಲೆ ಗ್ಲೇಜ್ ಹಾಕಿ ಇನ್ನೊಂದು ಸಲ. ಮೊದಲ ಸಲ ಒಡೆದ್ರೆ ಗ್ಲೇಜಿನ ಖರ್ಚಾದ್ರೂ ಉಳೀತು. ಬ್ಲೂ ಪಾಟರಿಯನ್ನ ಸುಡೋದು ಒಂದೇ ಸಲ. ಅಚ್ಚು, ಉಜ್ಜೋದು, ಬಿಳಿ ಲೇಪ, ಚಿತ್ರ, ಗಾಜಿನ ಲೇಪ, ಇಷ್ಟೂ ಖರ್ಚು, ಇಷ್ಟೂ ಕೂಲಿ ಮೊದಲೇ ಸೇರಿಹೋಗಿರುತ್ತೆ. ಕೊನೇ ಹೆಜ್ಜೆಯಲ್ಲಿ ಬೆಂಕಿ. ಅಲ್ಲಿ ಬಿರುಕು ಬಿಟ್ರೆ ಎಲ್ಲಾ ಹೋಯ್ತು. ಸುಡೋಕೆ ಮುಂಚೆ ಮುರಿದಿದ್ರೆ ಪುಡಿ ಮಾಡಿ ಮತ್ತೆ ಕಲಸಬಹುದು. ಸುಟ್ಟ ಮೇಲೆ ಅದಕ್ಕೆ ಸ್ಕ್ರ್ಯಾಪ್ ವ್ಯಾಲ್ಯೂನೂ ಇಲ್ಲ.

ಇಂಥ ವ್ಯಾಪಾರದಲ್ಲಿ ಪಾಕದ ಗುಟ್ಟು ಗೊತ್ತಿರೋನಿಗೆ ಅದೇ ಆಸ್ತಿ. ಎಷ್ಟು ಸಲ ಒಡೆದು, ಎಷ್ಟು ನಷ್ಟ ತಿಂದು ಕಲ್ತಿರ್ತಾನೆ? ಅದನ್ನ ಸುಮ್ನೆ ಯಾಕೆ ಹೇಳ್ಬೇಕು? ಹಳೇ ಮನೆತನದವರು ಮುಚ್ಚಿಟ್ಕೊಂಡಿದ್ರಲ್ಲ, ಅವರನ್ನ ಕೆಟ್ಟೋರು ಅಂತ ಅಂದ್ಬಿಡೋಕೆ ನನಗೆ ಮನಸ್ಸು ಬರಲ್ಲ. ಹೊಟ್ಟೆಪಾಡು. ಪಕ್ಕದವನು ಕಲ್ತು ಎರಡು ರೂಪಾಯಿ ಕಮ್ಮಿಗೆ ಮಾರಿದ್ರೆ?

ಆದ್ರೆ ಲೆಕ್ಕದ ಇನ್ನೊಂದು ಬದಿನೂ ಇದೆಯಲ್ಲ. ಗುಟ್ಟು ಮನೆಯೊಳಗೇ ಇದ್ದು, ಮನೆಯ ಮುಂದಿನ ತಲೆಮಾರಿಗೆ ಆ ಕೆಲಸ ಬೇಡವಾದ್ರೆ, ಗುಟ್ಟಿನ ಜೊತೆ ಕೆಲಸವೂ ಹೋಗುತ್ತೆ. ಜೈಪುರದಲ್ಲಿ ಹೆಚ್ಚೂ ಕಡಿಮೆ ಅದೇ ಆಗ್ತಿತ್ತು.

7/9

ಕೃಪಾಲ್ ಸಿಂಗ್ ಏನ್ಮಾಡಿದ್ರು ಅಂದ್ರೆ, ಕಲಿಸಿದ್ರು.

ಜೈಪುರದ ಸವಾಯಿ ರಾಮ್ ಸಿಂಗ್ ಶಿಲ್ಪ ಕಲಾ ಮಂದಿರದ ಮುಖ್ಯಸ್ಥರಾಗಿ ಹಲವು ವರ್ಷ ಹುಡುಗರಿಗೆ ಈ ಕೆಲಸ ಹೇಳಿಕೊಟ್ರು. ನೀನು ಯಾವ ಜಾತಿ, ನಿಮ್ಮಪ್ಪ ಕುಂಬಾರನಾ ಅನ್ನೋ ಪ್ರಶ್ನೆ ಇಲ್ಲ. ಪಾಕ, ಲೇಪ, ಬೆಂಕಿಯ ಹದ ಎಲ್ಲಾ ಮನೆಯ ಗೋಡೆ ದಾಟಿ ಪಾಠ ಆಯ್ತು. ಬನಿ ಪಾರ್ಕ್ ಬಡಾವಣೆಯಲ್ಲಿ ಅವರ ಮನೆಯೇ ಅವರ ಸ್ಟುಡಿಯೋ, ಹೆಸರು ಕೃಪಾಲ್ ಕುಂಭ್. ಕುಂಭ ಅಂದ್ರೆ ಕೊಡ, ನಮಗೂ ಗೊತ್ತಿರೋ ಪದಾನೇ.

1974ರಲ್ಲಿ ಪದ್ಮಶ್ರೀ ಬಂತು. 2002ರಲ್ಲಿ ಶಿಲ್ಪ ಗುರು ಪ್ರಶಸ್ತಿ. ಆ ಎರಡನೇದರ ಹೆಸರು ನೋಡಿ, ಶಿಲ್ಪಿ ಅಂತಲ್ಲ, ಗುರು ಅಂತ. 2008ರಲ್ಲಿ ಜೈಪುರದಲ್ಲೇ ತೀರ್ಕೊಂಡ್ರು.

ಈಗ ಜೈಪುರದಲ್ಲಿ, ಸುತ್ತಮುತ್ತಲ ಕೋಟ್ ಜೇವರ್‌ನಂಥ ಹಳ್ಳಿಗಳಲ್ಲಿ ಎಷ್ಟೋ ಮನೆ ಇದರ ಮೇಲೆ ನಡೀತಿವೆ. ತಟ್ಟೆ, ಹೂದಾನಿ, ಹಂಚು, ಬೀರು ಬಾಗಿಲಿನ ಹಿಡಿ, ಎಲ್ಲಾ ಮಾಡ್ತಾರೆ. ಜೈಪುರದ ಬ್ಲೂ ಪಾಟರಿಗೆ ಜಿಐ ಟ್ಯಾಗ್ ಕೂಡ ಇದೆ, ನಮ್ಮ ಮೈಸೂರು ರೇಷ್ಮೆಗೆ, ಚನ್ನಪಟ್ಟಣದ ಗೊಂಬೆಗೆ ಇರೋ ಹಾಗೆ. ಕ್ಲಾಸಲ್ಲಿ ಕೇಳಿದ್ದು ನೆನಪು ಮಾಡ್ಕೊಳ್ಳಿ: ಟ್ರೇಡ್‌ಮಾರ್ಕ್ ಒಬ್ಬನದ್ದು, ಒಂದು ಕಂಪನಿಯದ್ದು. ಜಿಐ ಹಾಗಲ್ಲ, ಆ ಊರಲ್ಲಿ ಆ ಕೆಲಸ ಮಾಡೋ ಎಲ್ಲರದ್ದು.

ಹೇಳಿಕೊಟ್ಟಿದ್ರಿಂದ ನಷ್ಟಾನೇ ಆಗಲ್ಲ ಅಂತ ನಾನು ಹೇಳ್ತಿಲ್ಲ. ಎಲ್ಲರಿಗೂ ಗೊತ್ತಾದ ಮೇಲೆ ಅವಸರದ ಕೆಲಸ, ಅಗ್ಗದ ಮಾಲು ಕೂಡ ಬರುತ್ತೆ. ಅವರಷ್ಟು ಚೆನ್ನಾಗಿ ಬರೆಯೋರೂ ಇರ್ತಾರೆ, ಕಾಲು ಭಾಗ ಬಾರದೋರೂ ಇರ್ತಾರೆ. ಆದ್ರೆ ಮೂರನೇ ಕ್ಲಾಸಿನ ಹುಡುಗಿಯ ಅಮ್ಮ ಕರ್ನಾಟಕದ ಯಾವುದೋ ಮೇಳದಲ್ಲಿ ಚೌಕಾಸಿ ಮಾಡಿ ಒಂದು ನೀಲಿ ಬಟ್ಟಲು ತಗೊಳ್ಳೋಕೆ ಆಗಿದ್ದು, ಆ ಗುಟ್ಟು ಗುಟ್ಟಾಗಿ ಉಳೀದೇ ಇದ್ದಿದ್ರಿಂದ.

8/9

ಈಗ ನನ್ನ ಸರದಿ.

ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು, ದೀಪಾವಳಿಗೆ ನಾನು ಮಣ್ಣಿನ ದೀಪಕ್ಕೆ ಬಣ್ಣ ಹಚ್ಚಿ ಮಾರ್ತೀನಿ. ಹೋದ ವರ್ಷ 200 ದೀಪ ಮಾಡಿದ್ದೆ. ಒಂದು ದೀಪ 5 ರೂಪಾಯಿಗೆ ಸಿಗುತ್ತೆ, ಬಣ್ಣ ಪ್ಯಾಕಿಂಗ್ ಸೇರಿ ಇನ್ನೊಂದು 4 ರೂಪಾಯಿ, ಮಾರೋದು 25ಕ್ಕೆ. ಲೆಕ್ಕ ನೀವೇ ಹಾಕ್ಕೊಳ್ಳಿ. ನನಗೆ ಅದು ದೊಡ್ಡ ದುಡ್ಡು.

ಹೋದ ವರ್ಷ ದೀಪಾವಳಿಗೆ ಮುಂಚೆ ಕಾಲೇಜ್ ಕಾರಿಡಾರಲ್ಲಿ ಒಬ್ಬಳು ಜೂನಿಯರ್ ನಿಲ್ಸಿ ಕೇಳಿದ್ಲು. "ಅಕ್ಕಾ, ನಿಮ್ಮ ದೀಪದ ಬಣ್ಣ ಉದುರಲ್ವಲ್ಲ, ನಾನು ಹಚ್ಚಿದ್ದು ಉದುರುತ್ತೆ. ಬಣ್ಣಕ್ಕೆ ಮುಂಚೆ ಏನಾದ್ರೂ ಹಚ್ತೀರಾ?"

ನಾನು, "ಏನಿಲ್ವಲ್ಲಾ, ಡೈರೆಕ್ಟಾಗಿ ಬಣ್ಣಾನೇ ಹಚ್ಚೋದು" ಅಂದೆ.

ಸುಳ್ಳು. ನಗ್ತಾ ನಗ್ತಾ ಹೇಳಿದ ಸುಳ್ಳು. ಹೇಳಿ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆ.

ಅವಳು 60 ದೀಪ ಮಾಡಿದ್ಲು. ತಗೊಂಡೋರ ಮನೆಯಲ್ಲಿ ಎಣ್ಣೆ ತಾಗ್ತಿದ್ದ ಹಾಗೆ ಬಣ್ಣ ಸಿಪ್ಪೆ ಎದ್ದಿದೆ. ಕೆಲವರು ವಾಪಸ್ ಕೊಟ್ರಂತೆ. ಅವಳು ಸ್ಟೋರಿಯಲ್ಲಿ ಸಾರಿ ಕೇಳಿ, ದುಡ್ಡು ಹಿಂದಿರುಗಿಸ್ತೀನಿ ಅಂತ ಹಾಕಿದ್ಲು. ನಾನು ಆ ಸ್ಟೋರಿ ನೋಡಿ ಸರಕ್ಕಂತ ಮುಂದಿನದಕ್ಕೆ ಹೋದೆ. ಅವಳು ಎಕ್ಸಾಮ್ ಫೀಸಿಗೆ ಆ ದುಡ್ಡು ನೆಚ್ಕೊಂಡಿದ್ಲು ಅಂತ ಆಮೇಲೆ ಯಾರೋ ಹೇಳಿದ್ರು.

ಇದಕ್ಕಿಂತ ನಾಚಿಕೆ ಆಗೋ ವಿಷಯ ಇನ್ನೊಂದಿದೆ. ಆ "ಗುಟ್ಟು" ನಾನು ಕಂಡುಹಿಡಿದಿದ್ದಾ? ಅಲ್ಲ. ಮಾರ್ಕೆಟ್‌ನಲ್ಲಿ ದೀಪ ಮಾರೋ ಅಜ್ಜಿ ಹೇಳಿಕೊಟ್ಟಿದ್ದು. ಮೊದಲ ವರ್ಷ ನನ್ನ ಬಣ್ಣಾನೂ ಉದುರಿತ್ತು. "ಮಣ್ಣು ನೀರು ಕುಡೀತದೆ ಮಗಾ, ಅದರ ಬಾಯಿ ಕಟ್ಟಿ ಆಮೇಲೆ ಬಣ್ಣ ಹಚ್ಚು" ಅಂದಿದ್ರು. ಅವರಿಗೆ ಅದರಿಂದ ಬಂದಿದ್ದೇನು? ನಾನು 5 ರೂಪಾಯಿ ದೀಪಾನ 25ಕ್ಕೆ ಮಾರ್ತೀನಿ, ಅವರಿಗೆ ಸಿಗೋದು ಅದೇ 5. ಆದ್ರೂ ಹೇಳಿದ್ರು. ಚೀಲಕ್ಕೆ ದೀಪ ಎಣಿಸಿ ಹಾಕ್ತಾ ಹಾಕ್ತಾ, ಎರಡು ದೀಪ ಜಾಸ್ತಿನೇ ಹಾಕಿ.

ಪುಕ್ಕಟೆ ಕಲ್ತಿದ್ದನ್ನ ನಾನು ಆಸ್ತಿ ಮಾಡ್ಕೊಂಡಿದ್ದೆ.

ಒಡೆದ ಬಟ್ಟಲಿನ ಬಗ್ಗೆ ಓದ್ತಾ ಓದ್ತಾ "ಗುಟ್ಟು" ಅನ್ನೋ ಪದ ಬಂದಾಗೆಲ್ಲ ಆ ಕಾರಿಡಾರ್ ಕಣ್ಮುಂದೆ ಬರ್ತಿತ್ತು. ಮೊನ್ನೆ ಅವಳಿಗೆ ಮೆಸೇಜ್ ಮಾಡಿದೆ. ನಡೆದಿದ್ದು ನಡೆದ ಹಾಗೇ ಬರೆದೆ, ಏನು ಹಚ್ಚಬೇಕು ಅನ್ನೋದನ್ನೂ ಬರೆದೆ. ಸೀನ್ ಆಗಿದೆ. ರಿಪ್ಲೈ ಬಂದಿಲ್ಲ. ಬರಲೇಬೇಕು ಅಂತೇನೂ ಇಲ್ಲ.

9/9

ದೀಪಾವಳಿಗೆ ಇನ್ನೂ ಟೈಮಿದೆ. ಅದಕ್ಕೇ ಇಲ್ಲೂ ಬರೀತೀನಿ, ಯಾರಿಗೆ ಬೇಕೋ ತಗೊಳ್ಳಿ.

ದೀಪ ತಂದ ದಿನವೇ ನೀರಲ್ಲಿ ಚೆನ್ನಾಗಿ ತೊಳೀರಿ, ಧೂಳು ಹೋಗಬೇಕು. ಎರಡು ದಿನ ಬಿಸಿಲಲ್ಲಿ ಒಣಗಿಸಿ. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ತೇವ ಇರುತ್ತೆ, ಅವಸರ ಬೇಡ. ಆಮೇಲೆ ಬಿಳಿ ಅಕ್ರಿಲಿಕ್ ಬಣ್ಣ ಎರಡು ಪಾಲು, ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು ಕಲಸಿ, ಹೊರಮೈಗೆ ಒಂದು ಕೋಟ್ ಹಚ್ಚಿ. ಒಂದು ರಾತ್ರಿ ಬಿಡಿ. ಇದೇ ಅಜ್ಜಿ ಹೇಳಿದ "ಬಾಯಿ ಕಟ್ಟೋದು". ಆಮೇಲೆ ನಿಮ್ಮ ಬಣ್ಣ, ತೆಳ್ಳಗೆ ಎರಡು ಸಲ. ಒಂದೇ ಸಲ ದಪ್ಪ ಹಚ್ಚಬೇಡಿ. ದೀಪದ ಒಳಗೆ, ಬತ್ತಿ ಇಡೋ ಮೂತಿ ಹತ್ರ ಬಣ್ಣ ಬೇಡವೇ ಬೇಡ. ಉರಿ ತಾಗಿದ್ರೆ ಸುಟ್ಟು ವಾಸನೆ ಬರುತ್ತೆ, ಎಣ್ಣೆ ತಾಗಿದ್ರೆ ಸಿಪ್ಪೆ ಏಳುತ್ತೆ. ಅಷ್ಟೇ. ಇದಕ್ಕೇ ನಾನು ಸುಳ್ಳು ಹೇಳಿದ್ದು.

ನಮ್ಮ ಕ್ಲಾಸಿನವರೇ ನಾಲ್ಕು ಜನ ಈ ವರ್ಷ ದೀಪ ಮಾರಿದ್ರೆ ನನ್ನ 200 ದೀಪ 120 ಆಗಬಹುದು. ಲೆಕ್ಕ ಹಾಕಿ ನೋಡಿದ್ದೀನಿ. ಸ್ವಲ್ಪ ಹೊಟ್ಟೆ ಉರೀತಿದೆ, ಸುಳ್ಳು ಯಾಕೆ ಹೇಳ್ಲಿ. ಹಾಗಾಗಿ ಚಿತ್ರಾನ ಇನ್ನೂ ಚೆನ್ನಾಗಿ ಬರೀಬೇಕು, ಬೇರೆ ದಾರಿ ಇಲ್ಲ. ಈ ಸಲ ನಂದು ನೀಲಿ ಹಕ್ಕಿ.

ಬಟ್ಟಲಿನ ಕಥೆ ಏನಾಯ್ತು ಅಂತ ಕೇಳ್ತೀರಾ? ಅಮ್ಮ ಫೆವಿಕ್ವಿಕ್ ಹಾಕಿ ಅಂಟಿಸಿದ್ದಾರೆ. ಹಕ್ಕಿಯ ರೆಕ್ಕೆ ಮೇಲೆ ಒಂದು ಬಿಳಿ ಗೆರೆ ಹಾದು ಹೋಗಿದೆ. ಮತ್ತೆ ಕನ್ನಡಿ ಮುಂದೆ ಬಂದಿದೆ, ಸೇಫ್ಟಿ ಪಿನ್ನು ಮತ್ತೆ ಅದರೊಳಗೇ. ನನಗೆ ಮಾತ್ರ ಆ ಕಡೆ ಕ್ಲೀನ್ ಮಾಡೋಕೆ ಪರ್ಮಿಷನ್ ಇಲ್ಲ.

ನಿಮಗೂ ಯಾರಾದ್ರೂ ಪುಕ್ಕಟೆ ಹೇಳಿಕೊಟ್ಟ ಒಂದು ಕೈಕೆಲಸದ ಗುಟ್ಟು ಇರುತ್ತೆ. ಅಜ್ಜಿ ಹೇಳಿದ ಉಪ್ಪಿನಕಾಯಿ ಹದ ಇರಲಿ, ಅಣ್ಣ ಹೇಳಿದ ಬೈಕ್ ಚೈನಿನ ವಿಷಯ ಇರಲಿ. ಹೇಳಿಕೊಟ್ಟೋರು ಯಾರು ಅನ್ನೋದರ ಜೊತೆ ಕಾಮೆಂಟಲ್ಲಿ ಬರೀರಿ. ನಾನು ಎಲ್ಲಾ ಓದ್ತೀನಿ.

#ಕೃಪಾಲ್‌ಸಿಂಗ್‌ಶೇಖಾವತ್ #ನೀಲಿಬಟ್ಟಲು #ಬಿಕಾಂಹುಡುಗಿಯಬಣ್ಣ #ಕನ್ನಡದಲ್ಲಿಓದಿ